ಗ್ರಹಣದ ಮಧ್ಯಾಹ್ನ ನಮ್ಮ ಮನೆಯಲ್ಲಿ ನೆಟ್ ಹೋದದ್ದು

ನಾನು ನಿಂತಿದ್ದದ್ದು ಅಮೃತಹಳ್ಳಿಯ ನಮ್ಮ ಮನೆಯ ಮೊದಲ ಮಹಡಿಯಲ್ಲಿ, ನಡುಮನೆಯ ಕಿಟಕಿಗೂ ಕಂಪ್ಯೂಟರ್ ಮೇಜಿಗೂ ನಡುವೆ ಒಬ್ಬರು ನಿಲ್ಲುವಷ್ಟು ಉಳಿದಿರುವ ಜಾಗದಲ್ಲಿ. ದಿನ, ಡಿಸೆಂಬರ್ ತಿಂಗಳ ಕೊನೆಯ ಗುರುವಾರ. ಬೆಳಿಗ್ಗೆ ಸೂರ್ಯಗ್ರಹಣ ಹಿಡಿದು ಬಿಟ್ಟಿತ್ತು. ಹೊತ್ತು, ಮಧ್ಯಾಹ್ನ ಎರಡು ದಾಟಿತ್ತು. ಗೋಡೆ ಗಡಿಯಾರ ನನ್ನ ಬೆನ್ನ ಹಿಂದೆ ಇದ್ದದ್ದರಿಂದ ಎರಡು ದಾಟಿ ಎಷ್ಟು ನಿಮಿಷ ಎಂದು ಪ್ರಮಾಣ ಮಾಡಿ ಹೇಳಲಾರೆ.

ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ಆ ಮಧ್ಯಾಹ್ನದ ಕಥೆ ಈಗ ನಮ್ಮ ನೆಂಟರಲ್ಲಿ ಬೇರೆಯೇ ವೇಷದಲ್ಲಿ ಓಡಾಡುತ್ತಿದೆ. ಹೆಬ್ಬಾಳದ ಒಂದು ಛತ್ರದಲ್ಲಿ ಮದುವೆ ಊಟಕ್ಕೆ ಕೂತಿದ್ದಾಗ, ಎದುರು ಸಾಲಿನವರೊಬ್ಬರು ಪಕ್ಕದವರಿಗೆ, “ಅವ್ರ ಮನೆ ಕಂಪ್ಯೂಟರ್‌ಗೆ ಗ್ರಹಣ ಬಡಿದು ಹೊಗೆ ಬಂತಂತೆ ಕಣ್ರೀ” ಎಂದು ಹೇಳುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಹೊಗೆ ಬರಲಿಲ್ಲ. ಕಿಡಿಯೂ ಹಾರಲಿಲ್ಲ. ನಾನು ಯಶವಂತಪುರದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಇಲ್ಲದ ಅಕ್ಷರ ಸೇರಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ದಿನ ಕುರ್ಚಿಯಿಂದ ಎದ್ದ ನನ್ನ ಅಮ್ಮನ ಮುಖವನ್ನು ನೋಡಿದವನು ನಾನು. ಅದು ನೆನಪಾದಾಗ ಇವತ್ತಿಗೂ ಎದೆ ಒಂದು ಸಲ ಝಲ್ಲೆನ್ನುತ್ತದೆ. ಆಮೇಲೆ ನಗು ಬರುತ್ತದೆ. ಎರಡೂ ನಿಜವಾದ್ದರಿಂದ ಎರಡನ್ನೂ ಬರೆಯುತ್ತೇನೆ.

ಮೊದಲು ಮನೆಯ ವಿಷಯ. ಕೆಳಗಿನ ಮನೆಯಲ್ಲಿ ಬಾಡಿಗೆಗೆ ಇದ್ದವರು ಶಾಲೆಯ ವ್ಯಾನ್ ಓಡಿಸುವ ಒಬ್ಬರು. ನಾವೆಲ್ಲ ಅವರನ್ನು ಭಾಯ್ ಎಂದೇ ಕರೆಯುತ್ತಿದ್ದೆವು. ಮೇಲೆ ನಾನು, ನನ್ನ ಹೆಂಡತಿ, ಅಮ್ಮ ಮತ್ತು ಅಪ್ಪನ ತಾಯಿಯಾದ ನಮ್ಮ ಅಜ್ಜಿ. ಮನೆಯ ಹಿಂದೆ ಕೊಟ್ಟಿಗೆ. ಸುತ್ತ ಅಪಾರ್ಟ್‌ಮೆಂಟುಗಳು ಎದ್ದ ಮೇಲೂ ಅಮ್ಮ ಹಸು ಬಿಟ್ಟಿರಲಿಲ್ಲ. ಬೆಳಗಿನ ಹಾಲು ಸಹಕಾರನಗರದ ಮನೆಗಳಿಗೆ ಹೋಗುತ್ತಿತ್ತು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವವರು ಮೂಗು ಮುಚ್ಚಿಕೊಂಡರೆ ಅಮ್ಮ ಕೆಳಗಿನಿಂದಲೇ, “ನಾಳೆ ಕಾಫಿಗೆ ಏನ್ ಹಾಕ್ಕೋತೀರಿ?” ಎಂದು ಕೇಳುತ್ತಿದ್ದಳು.

ಕಂಪ್ಯೂಟರ್ ಅಪ್ಪ ಕೊಡಿಸಿದ್ದು, ನಾನು ಪಿಯುಸಿ ಸೇರಿದಾಗ. ಅಪ್ಪ ಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಕಂಪ್ಯೂಟರ್ ಮಾತ್ರ ಇತ್ತು. ಆನ್ ಮಾಡಿದರೆ ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು, ಬೇಸಿಗೆಯಲ್ಲಿ ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಡಬೇಕಿತ್ತು. ಅದರ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಕೊಟ್ಟಿದ್ದೆವು, ಹಾಗಾಗಿ ಕರೆಂಟು ಹೋದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ.

ಇನ್ನು ಅಮ್ಮನ ವಿಷಯ. ಹೆಸರಘಟ್ಟದ ಕಡೆ ಒಂದು ತರಬೇತಿ ಕೇಂದ್ರದಲ್ಲಿ, ಹಸು ಸಾಕಿ ಅನುಭವ ಇರುವ ಹೆಂಗಸರನ್ನು ಆರಿಸಿ ಬೇರೆ ಹೆಂಗಸರಿಗೆ ಪಾಠ ಹೇಳುವ ಹಾಗೆ ತಯಾರು ಮಾಡುತ್ತಿದ್ದರು. ಅದಕ್ಕೊಂದು ಪ್ರವೇಶ ಪರೀಕ್ಷೆ. ಕನ್ನಡದಲ್ಲೇ, ಮನೆಯಿಂದಲೇ ಕಂಪ್ಯೂಟರಿನಲ್ಲಿ ಬರೆಯಬಹುದಿತ್ತು. ಕ್ಯಾಮೆರಾ ಇರಬೇಕು, ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಮೊಬೈಲಿನಲ್ಲಿ ಬರೆಯುವಂತಿಲ್ಲ. ಹಿಂದಿನ ಭಾನುವಾರ ಯಾವ ಕಂಪ್ಯೂಟರಿನಲ್ಲಿ ತಾಲೀಮು ಮಾಡಿದ್ದಾರೋ ಅದರಲ್ಲೇ ಬರೆಯಬೇಕು. ಐವತ್ತು ವರ್ಷ ದಾಟಿರಬಾರದು. ಅಮ್ಮನಿಗೆ ಅದೇ ಕೊನೆಯ ಅವಕಾಶ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು.

ಅಮ್ಮ ಹತ್ತನೇ ತರಗತಿ ಮುಗಿಸಿ ಮದುವೆಯಾದವಳು. ಇದು ಯಾಕೆ ಬೇಕು ಎಂದು ನಾನು ಕೇಳಿದಾಗ, ಹುಲ್ಲಿನ ಕಟ್ಟು ಬಿಚ್ಚುತ್ತಾ ಹೇಳಿದಳು: “ಎಲ್ರೂ ಬಂದು ಹಸು ಯಾಕೆ ಮೇವು ಬಿಟ್ಟಿದೆ, ಕರು ಯಾಕೆ ಉಚ್ಚಿಕೊಳ್ತಾ ಇದೆ ಅಂತ ಕೇಳ್ತಾರೆ. ಕೊಟ್ಟಿಗೆ ಬಾಗ್ಲಲ್ಲಿ ನಿಂತ್ಕೊಂಡು ಹೇಳ್ತೀನಿ. ಒಂದು ಸಲ ಬೋರ್ಡ್ ಮುಂದೆ ನಿಂತ್ಕೊಂಡು ಹೇಳ್ಬೇಕು ಕಣೋ. ಚಾಕ್‌ಪೀಸ್ ಹಿಡ್ಕೊಂಡು.”

ಮೌಸ್ ಹಿಡಿಯುವುದನ್ನು ಅವಳಿಗೆ ಕಲಿಸಿದವಳು ನನ್ನ ಹೆಂಡತಿ. ಅವಳು ಸಹಕಾರನಗರದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಮೊದಮೊದಲು ಅಮ್ಮ ಮೌಸನ್ನು ಹಾಲು ಕರೆಯುವ ಹಿಡಿತದಲ್ಲಿ ಹಿಡಿಯುತ್ತಿದ್ದಳು. “ಅತ್ತೆ, ಮೆತ್ತಗೆ. ಅದೇನೂ ಒದೆಯಲ್ಲ” ಎಂದು ಸೊಸೆ ಅಂದರೆ, “ಒದ್ದಿದ್ರೆ ನಂಗೆ ಅರ್ಥ ಆಗ್ತಿತ್ತು” ಎಂದು ಅತ್ತೆ. ಭಾನುವಾರದ ತಾಲೀಮು ಸಲೀಸಾಗಿ ಆಯಿತು. ನೆಟ್ ಒಂದು ಸಲವೂ ನಿಲ್ಲಲಿಲ್ಲ. ಇದಕ್ಕೆ ನಾನೇ ಸಾಕ್ಷಿ.

ಗುರುವಾರ ಬೆಳಿಗ್ಗೆ ಗ್ರಹಣ. ಮನೆಯ ಯಜಮಾನಿಕೆ ಎಂದಿನಂತೆ ಅಂಥ ದಿನಗಳಲ್ಲಿ ಅಜ್ಜಿಗೆ ಹೋಯಿತು. ಗ್ರಹಣ ಹಿಡಿಯುವ ಮೊದಲೇ ನೀರಿನ ಬಿಂದಿಗೆಯ ಮೇಲೆ, ಹಾಲಿನ ಪಾತ್ರೆಯ ಮೇಲೆ, ಉಪ್ಪಿನಕಾಯಿ ಜಾಡಿಯ ಮೇಲೆ ಅಮ್ಮನ ಕೈಯಿಂದ ಒಂದೊಂದು ಎಳೆ ದರ್ಭೆ ಇಡಿಸಿದಳು. ಗ್ರಹಣದ ದೋಷ ಇವಕ್ಕೆ ತಗಲದಿರಲಿ ಎಂದು. ಒಲೆ ಹೊತ್ತಿಸುವಂತಿಲ್ಲ, ಯಾರೂ ಏನೂ ತಿನ್ನುವಂತಿಲ್ಲ. ನನ್ನ ಹೆಂಡತಿ ಶಾಲೆಯಿಂದ ತಂದ ಗ್ರಹಣದ ಕನ್ನಡಕ ಹಾಕಿಕೊಂಡು ತಾರಸಿ ಹತ್ತಿದಳು.

“ಲೋ ಮಗ, ನಿನ್ನೆಂಡ್ತಿ ಎಲ್ಲೋ?” ಎಂದು ಅಜ್ಜಿ ಕೇಳಿದಳು.

“ಮೇಲಿದ್ದಾಳೆ ಅಜ್ಜಿ. ಗ್ರಹಣ ನೋಡ್ತಿದ್ದಾಳೆ.”

“ನೋಡ್ಲಿ, ನೋಡ್ಲಿ. ಗ್ರಾಣಾನೂ ಅವ್ಳನ್ನ ನೋಡ್ತದೆ.”

ಆ ಹೊತ್ತಿನಲ್ಲಿ ಅಮ್ಮ ಎಲ್ಲೆಲ್ಲಿ ದರ್ಭೆ ಇಟ್ಟಳು ಎನ್ನುವುದನ್ನು ನಾನು ನೋಡಲಿಲ್ಲ. ನಾನು ಕೋಣೆಯಲ್ಲಿ ಕೂತು ಹಳೇ ಪತ್ರಿಕೆ ಓದುತ್ತಿದ್ದೆ. ನೋಡಿದ್ದೆ ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ, ಆದರೆ ನೋಡಲಿಲ್ಲ.

ಗ್ರಹಣ ಬಿಟ್ಟಿತು. ಸರದಿಯ ಮೇಲೆ ಎಲ್ಲರ ಸ್ನಾನ. ಒಲೆ ಹೊತ್ತಿತು, ಊಟವಾಯಿತು. ಪರೀಕ್ಷೆ ಮೂರು ಗಂಟೆಗೆ. ಅಷ್ಟರೊಳಗೆ ಕಂಪ್ಯೂಟರಿನಲ್ಲಿ ಹೆಸರು ಕೊಟ್ಟು ಒಳಗೆ ಹೋಗಿ ಕೂತಿರಬೇಕು, ಮೂರು ಹೊಡೆದರೆ ಬಾಗಿಲು ಮುಚ್ಚಿದ ಲೆಕ್ಕ. ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ಲೆಕ್ಕ ಮಾಡಲು ಬಿಳಿ ಹಾಳೆ, ಪೆನ್ನು ಇಟ್ಟುಕೊಂಡು ಎರಡು ಗಂಟೆಗೇ ಕುರ್ಚಿಯಲ್ಲಿ ಕೂತಳು. ಕಂಪ್ಯೂಟರ್ ಆಗಲೇ ಆನ್ ಆಗಿತ್ತು. ಅವಳೇ ಸ್ನಾನ ಮಾಡಿ ಬಂದ ಕೂಡಲೇ ಆನ್ ಮಾಡಿಟ್ಟಿದ್ದಳಂತೆ.

ನಾನು ಮೊದಲು ಹೇಳಿದ ಜಾಗದಲ್ಲಿ ಬಂದು ನಿಂತದ್ದು ಆಗ.

“ಏನೋ ಕೆಂಪಗೆ ಬಂದಿದೆ, ನೋಡೋ” ಎಂದಳು ಅಮ್ಮ.

ಪರೀಕ್ಷೆಯ ಪುಟ ಬರಬೇಕಾದ ಕಡೆ ಒಂದು ಬಿಳಿ ಪುಟ, ಅದರಲ್ಲಿ ಕೆಂಪು ಗುರುತು, ಕೆಳಗೆ ಇಂಗ್ಲಿಷಿನಲ್ಲಿ ಈ ತಾಣವನ್ನು ನಂಬುವಂತಿಲ್ಲ ಎಂಬರ್ಥದ ಸಾಲುಗಳು. ನಾನು ಇನ್ನೊಂದು ತಾಣ ತೆರೆದೆ. ಅದನ್ನೂ ನಂಬುವಂತಿಲ್ಲ. ದಿನಪತ್ರಿಕೆಯದು, ರೈಲ್ವೆಯದು, ನಮ್ಮ ಬ್ಯಾಂಕಿನದು. ಯಾರನ್ನೂ ನಂಬುವಂತಿಲ್ಲ. ಒಂದು ರಾತ್ರಿಯಲ್ಲಿ ಇಡೀ ಪ್ರಪಂಚ ನಮ್ಮ ಕಂಪ್ಯೂಟರಿನ ವಿಶ್ವಾಸ ಕಳೆದುಕೊಂಡಿತ್ತು.

“ನೆಟ್ ಹೋಗಿದೆ” ಎಂದೆ. ನಾವೆಲ್ಲ ಏನೇ ಆದರೂ ಮೊದಲು ಹೇಳುವುದು ಅದನ್ನೇ.

ಆದರೆ ನೆಟ್ ಹೋಗಿರಲಿಲ್ಲ. ನನ್ನ ಮೊಬೈಲಿನಲ್ಲಿ ಅದೇ ವೈಫೈ ಹಿಡಿದು ಎಲ್ಲವೂ ಬರುತ್ತಿತ್ತು. ಗೋಡೆಯ ಮೇಲಿನ ವೈಫೈ ಡಬ್ಬಿಯಲ್ಲಿ ಹಸಿರು ದೀಪಗಳು ಎಂದಿನಂತೆ ಮಿಟುಕುತ್ತಿದ್ದವು. ಡಬ್ಬಿಯಿಂದ ಕಂಪ್ಯೂಟರಿಗೆ ಬರುವ ನೀಲಿ ವೈರನ್ನು ಕಿತ್ತು, ಊದಿ, ಮತ್ತೆ ಟಕ್ ಎನ್ನುವ ತನಕ ಒತ್ತಿದೆ. ಕೆಂಪು ಗುರುತು ಹಾಗೇ ಇತ್ತು. ಡಬ್ಬಿಯನ್ನು ಆಫ್ ಮಾಡಿ ಆನ್ ಮಾಡಿದೆ. ಕೆಳಗಿನ ಮನೆಗೂ ಅದೇ ವೈಫೈ. ಭಾಯ್ ಬನಿಯನ್ ಮೇಲೆ ಟವೆಲ್ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದರು. ಶಾಲೆಗೆ ರಜೆಯಾದ್ದರಿಂದ ಅವರು ಮನೆಯಲ್ಲೇ ಇದ್ದರು.

“ಏನ್ ಗುರು, ಟಿವಿ ನಿಂತೋಯ್ತು? ನಮ್ ಹುಡುಗಿ ಕಾರ್ಟೂನ್ ನೋಡ್ತಿದ್ಳು, ಮನೆ ತಲೆ ಮೇಲೆ ತಗೊಂಡವ್ಳೆ.”

“ನಾನೇ ಆಫ್ ಮಾಡಿದೆ ಭಾಯ್. ಈಗ ಬರುತ್ತೆ. ನಿಮ್ಮಲ್ಲಿ ಅಲ್ಲಿ ತನಕ ಸರಿಯಾಗಿ ಬರ್ತಿತ್ತಾ?”

“ಫಸ್ಟ್ ಕ್ಲಾಸ್.” ಅವರು ಪರದೆಗೆ ಬಾಗಿ ನೋಡಿದರು. “ಅಕ್ಕಂದು ಎಗ್ಸಾಮ್ ಇವತ್ತಲ್ವಾ? ಅರೆ! ಹಂಗಾದ್ರೆ ಪೆಟ್ರೋಲ್ ಬರ್ತಾ ಇದೆ, ಗಾಡಿ ಕುಡೀತಾ ಇಲ್ಲ.”

“ಏನ್ ಮಾಡ್ಬೇಕು ಭಾಯ್?”

“ಗಾಡಿ ಆದ್ರೆ ತಳ್ಳಬಹುದಿತ್ತು.”

ನೆಟ್ ಕಂಪನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿ, ಆಮೇಲೆ ಒಬ್ಬ ಹುಡುಗಿ ಬಂದು ಡಬ್ಬಿಯಲ್ಲಿ ಯಾವ ಬಣ್ಣದ ದೀಪ ಎಂದು ಕೇಳಿದಳು. ಹಸಿರು ಎಂದೆ. “ಹಾಗಾದ್ರೆ ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ ಸರ್, ಇನ್ನೇನಾದ್ರೂ ಸಹಾಯ ಬೇಕಾ?” ಎಂದಳು. ಆ ಹುಡುಗಿ ಹೇಳಿದ್ದು ಅಕ್ಷರಶಃ ಸತ್ಯ. ಆ ಕ್ಷಣಕ್ಕೆ ಅದು ನನಗೆ ಬೇಡವಾದ ಸತ್ಯವಾಗಿತ್ತು.

ಅಷ್ಟರಲ್ಲಿ ನನ್ನ ಹೆಂಡತಿ ಅಡುಗೆಮನೆಯಿಂದ ಬಂದಳು. ಮುಖ್ಯರಸ್ತೆಯ ಸೈಬರ್ ಸೆಂಟರಿಗೆ ಹೋಗೋಣವೇ ಎಂದು ಕೇಳಿ, ಬೇರೆ ಕಂಪ್ಯೂಟರ್ ನಡೆಯುವುದಿಲ್ಲವೆಂದು ತಾನೇ ನೆನಪಿಸಿಕೊಂಡಳು. “ಅದೂ ಬಾಗಿಲು ಹಾಕೈತೆ. ಗ್ರಹಣ ಅಂತ ಬೆಳಿಗ್ಗೆಯಿಂದ ತೆಗ್ದಿಲ್ಲ” ಎಂದರು ಭಾಯ್.

ಈಗ ಅಜ್ಜಿ ಬಂದಳು. ಕೈಯಲ್ಲಿ ಚೊಂಬು, ಅದರಲ್ಲಿ ಅರಿಶಿನದ ನೀರು, ನೀರಿನಲ್ಲಿ ಮಾವಿನೆಲೆ.

“ಗ್ರಾಣ ಬಿಟ್ಮೇಲೆ ಮನೆಯೆಲ್ಲ ಚಿಮುಕ್ಸಿದೆ. ಇದೊಂದಕ್ಕೆ ಚಿಮುಕ್ಸಿರ್ಲಿಲ್ಲ. ಅದಕ್ಕೆ ಇಂಗಾಗಿರೋದು. ಜರುಗ್ರೋ.”

“ಅಜ್ಜೀ!” ಎಂದು ನನ್ನ ಹೆಂಡತಿ ಕಂಪ್ಯೂಟರಿಗೂ ಚೊಂಬಿಗೂ ಅಡ್ಡ ನಿಂತಳು. ಎಲೆ ಬೀಸಿಯಾಗಿತ್ತು. ನೀರು ಅವಳ ಹಣೆ, ಕೆನ್ನೆ, ಕನ್ನಡಕದ ಮೇಲೆ ಬಿತ್ತು.

ಅಜ್ಜಿ ತಡಬಡಾಯಿಸಲಿಲ್ಲ. “ಬುಡು, ನಿಂಗೂ ಬೇಕಾಗಿತ್ತು” ಎಂದಳು.

ಭಾಯ್ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನಾನೂ ನಕ್ಕೆ. ಅಮ್ಮ ನಗಲಿಲ್ಲ. ಅದನ್ನು ಗಮನಿಸಿ ನಾನು ಅವಳ ಕಡೆ ತಿರುಗಿದೆ. ಇಲ್ಲಿಂದ ಮುಂದಿನದು ನಾನು ಸರಿಯಾಗಿ ಕಂಡದ್ದು. ಒಂದು ಅಕ್ಷರವೂ ಆಚೀಚೆ ಇಲ್ಲ.

ಅಮ್ಮ ಪರದೆಯ ಕೆಳಗೆ ಬಲಮೂಲೆಯನ್ನು ನೋಡುತ್ತಿದ್ದಳು. ಕಂಪ್ಯೂಟರಿನ ಗಡಿಯಾರ ಅಲ್ಲಿ ಸಣ್ಣದಾಗಿ ಕಾಣುತ್ತದೆ. ತುಸು ಹೊತ್ತು ನೋಡಿದಳು. ಪೆನ್ನಿಗೆ ಕ್ಯಾಪ್ ಹಾಕಿದಳು. ಬಿಳಿ ಹಾಳೆಯನ್ನು ಎರಡಾಗಿ ಮಡಿಸಿದಳು. ಎದ್ದು ಕುರ್ಚಿಯನ್ನು ಮೇಜಿನ ಒಳಕ್ಕೆ ತಳ್ಳಿದಳು. ಪರೀಕ್ಷೆ ಮುಗಿದ ಮೇಲೆ ಮಕ್ಕಳು ಮಾಡುವಂತೆ.

“ಮೂರಾಯ್ತು” ಎಂದಳು. “ಬಿಡಿ. ಹಸುಗಳಿಗೆ ನೀರು ತೋರಿಸ್ಬೇಕು.”

ಸಿಟ್ಟಿನಿಂದ ಹೇಳಿದ್ದರೆ, ಅತ್ತಿದ್ದರೆ, ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವಳ ಮುಖ ಏನೂ ಆಗದವರ ಮುಖದಂತಿತ್ತು. ಅಪ್ಪ ಹೋದ ಮಾರನೆಯ ಬೆಳಿಗ್ಗೆ ಹಾಲು ಕರೆಯಲು ಹೋದಾಗಲೂ ಅದೇ ಮುಖ ಇತ್ತು. ಅದನ್ನು ಅವತ್ತು ನೋಡಿದ್ದವನು ನಾನೊಬ್ಬನೇ. ಅಮ್ಮ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಹೋದಳು.

ನಾನು ಏನು ಮಾಡಬೇಕೆಂದು ತೋಚದೆ ಹಿಂತಿರುಗಿ ಗೋಡೆ ಗಡಿಯಾರ ನೋಡಿದೆ.

ಎರಡೂವರೆ.

“ಭಾಯ್, ನಿಮ್ಮ ವಾಚಲ್ಲಿ ಎಷ್ಟು?”

“ಎರಡೂವರೆ.”

ನನ್ನ ಮೊಬೈಲಿನಲ್ಲೂ ಎರಡೂವರೆ. ಪರದೆಯ ಮೂಲೆಯಲ್ಲಿ ಮೂರು. ನಾನು ಇನ್ನೂ ಹತ್ತಿರ ಬಾಗಿ, ಪ್ರೆಸ್ಸಿನಲ್ಲಿ ಅರ್ಧವಿರಾಮ ಹುಡುಕುವ ಹಾಗೆ ನೋಡಿದೆ. ಮೂರರ ಪಕ್ಕದಲ್ಲಿ ಇಂಗ್ಲಿಷಿನ ಎರಡು ಪುಟ್ಟ ಅಕ್ಷರಗಳಿದ್ದವು. ಅದು ಮಧ್ಯಾಹ್ನದ ಮೂರಲ್ಲ, ಬೆಳಗಿನ ಜಾವದ ಮೂರು. ಮೌಸಿನ ಬಾಣವನ್ನು ಅದರ ಮೇಲೆ ಒಯ್ದು ನಿಲ್ಲಿಸಿದೆ. ತಾರೀಕು ಮೇಲೆದ್ದು ಬಂತು. ಗುರುವಾರ, ಜನವರಿ ಒಂದು, ೨೦೦೯.

ವಾರ ಮಾತ್ರ ಸರಿ ಇತ್ತು.

“ಇದು ಹತ್ತು ವರ್ಷಕ್ಕೂ ಹೆಚ್ಚು ಹಿಂದಿದೆ” ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

ನನ್ನ ಹೆಂಡತಿ ಒದ್ದೆ ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡು ಬಾಗಿದಳು. ಅವಳಿಗೆ ನನಗಿಂತ ಬೇಗ ಹೊಳೆಯಿತು. “ರೀ, ಅದಕ್ಕೇ! ಪ್ರತಿ ತಾಣಕ್ಕೂ ಒಂದು ಗುರುತಿನ ಚೀಟಿ ಇರುತ್ತೆ. ಇಂಥ ದಿನದಿಂದ ಇಂಥ ದಿನದವರೆಗೆ ನಡೆಯುತ್ತೆ ಅಂತ ಅದರಲ್ಲಿರುತ್ತೆ, ಬಸ್ ಪಾಸ್ ಥರ. ಇದು ಇನ್ನೂ ಎರಡು ಸಾವಿರದ ಒಂಬತ್ತರಲ್ಲಿ ಕೂತಿದೆ. ಇದರ ಲೆಕ್ಕಕ್ಕೆ ಯಾರ ಪಾಸೂ ಇನ್ನೂ ಶುರುವಾಗಿಲ್ಲ. ಅದಕ್ಕೆ ಯಾರನ್ನೂ ನಂಬ್ತಾ ಇಲ್ಲ.”

“ಕಂಡಕ್ಟರ್ ತಪ್ಪಲ್ಲ, ಕ್ಯಾಲೆಂಡರ್ ತಪ್ಪು” ಎಂದರು ಭಾಯ್.

“ಗಡಿಯಾರ ಹಿಂಗಾಗಬೇಕು ಅಂದ್ರೆ ಯಾರೋ ಇದರ ಪ್ಲಗ್ ಕಿತ್ತಿರಬೇಕು. ಒಳಗಿನ ಸಣ್ಣ ಬ್ಯಾಟರಿ ಯಾವತ್ತೋ ಸತ್ತಿರುತ್ತೆ. ಗೋಡೆಯಿಂದ ಕರೆಂಟು ಬರ್ತಾ ಇದ್ದದ್ದಕ್ಕೆ ಇಷ್ಟು ದಿನ ಗೊತ್ತಾಗಿಲ್ಲ. ಯಾರು ಕಿತ್ತಿದ್ದು?”

ಎಲ್ಲರೂ ಅಜ್ಜಿಯನ್ನು ನೋಡಿದೆವು.

“ನನ್ನ್ಯಾಕೆ ನೋಡ್ತೀರ? ನಾನು ಅದನ್ನ ಮುಟ್ಟಿದ್ದೇ ಇಲ್ಲ. ಚಿಮುಕ್ಸಕ್ಕೂ ಬುಡ್ಲಿಲ್ಲ ನೀವು.”

ಆಗ ನಾನು ಮೇಜಿನ ಕೆಳಗೆ ನೋಡಿದೆ. ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ, ನಡುಮಧ್ಯೆ, ಒಂದೇ ಒಂದು ಎಳೆ ದರ್ಭೆ ನೆಟ್ಟಗೆ ಮಲಗಿತ್ತು. ಅದನ್ನು ಇಟ್ಟ ಕೈ ಯಾರದೆಂದು ಹೇಳಬೇಕಾಗಿರಲಿಲ್ಲ. ಮನೆಯಲ್ಲಿ ಹಾಲಿನ ಪಾತ್ರೆಯ ಮೇಲೂ ಅಷ್ಟೇ ನೆಟ್ಟಗೆ ಇಡುವವಳು ಒಬ್ಬಳೇ.

“ಆಮೇಲೆ ವಿಚಾರ್ಸೋಣ, ಮೊದ್ಲು ತಾರೀಕು ಬದಲಾಯ್ಸಿ” ಎಂದಳು ಹೆಂಡತಿ.

ಬದಲಾಯಿಸಿದೆ. ವರ್ಷ, ತಿಂಗಳು, ದಿನ. ಒಂದೊಂದನ್ನೂ ಹಾಕಿ, ಮತ್ತೊಮ್ಮೆ ಓದಿ, ಗೋಡೆಯ ಕ್ಯಾಲೆಂಡರಿನೊಂದಿಗೆ ತಾಳೆ ನೋಡಿದೆ. “ಪ್ರೂಫ್ ಅಲ್ಲ ಕಣ್ರೀ ಅದು, ಒತ್ತಿ!” ಎಂದು ಅವಳು ನನ್ನ ಭುಜ ಹಿಡಿದು ಅಲುಗಿಸಿದಳು. ಒತ್ತಿದೆ. ಪುಟವನ್ನು ಮತ್ತೆ ತೆರೆದೆ. ಒಂದು ಸಣ್ಣ ಚಕ್ರ ತಿರುಗಿತು. ಇನ್ನೂ ತಿರುಗಿತು. ಆಮೇಲೆ ಹಸಿರು ಅಂಚಿನ ಪರೀಕ್ಷೆಯ ಪುಟ ಮೇಲಿನಿಂದ ಕೆಳಗೆ ನಿಧಾನವಾಗಿ ಬಿಡಿಸಿಕೊಂಡಿತು. ಕನ್ನಡದಲ್ಲಿ ಸ್ವಾಗತ ಎಂದು ಬರೆದಿತ್ತು.

ಹೆಂಡತಿ ಆಗಲೇ ಮೆಟ್ಟಿಲ ಮೇಲಿದ್ದಳು. ನಾನು ನಿಂತಿದ್ದ ಕಡೆಯಿಂದ ಕಿಟಕಿಯಲ್ಲಿ ಕೊಟ್ಟಿಗೆಯ ಬಾಗಿಲು ಕಾಣುತ್ತದೆ. ಅಮ್ಮ ಇಸ್ತ್ರಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬಾನಿಯಲ್ಲಿ ಮೊಣಕೈವರೆಗೆ ಕೈ ಇಳಿಸಿ ಬೂಸಾ ಕಲಸುತ್ತಿದ್ದಳು. ಪಕ್ಕದಲ್ಲಿ ಹಸು ಅವಳ ಬೆನ್ನು ನೆಕ್ಕುತ್ತಿತ್ತು.

“ಅತ್ತೇ! ಬನ್ನಿ! ಬಂತು! ಇನ್ನೂ ಟೈಮಿದೆ!”

“ಮೂರಾಯ್ತಲ್ಲೇ?”

“ಇಲ್ಲ! ಅದು ಸುಳ್ಳು ಹೇಳ್ತಿತ್ತು!”

ಅಮ್ಮ ಬೂಸಾ ಕೈ ಎತ್ತಿ ಹಿಡಿದುಕೊಂಡು ಒಂದು ಕ್ಷಣ ಹಾಗೇ ನಿಂತಳು. ಆಮೇಲೆ ಓಡಿದಳು. ನನ್ನ ಅಮ್ಮ ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿದ್ದು ಒಂದು ಕರು ಹಗ್ಗ ಬಿಚ್ಚಿಕೊಂಡು ಬಳ್ಳಾರಿ ರಸ್ತೆಯ ಕಡೆಗೆ ಹೊರಟಾಗ ಮಾತ್ರ. ನಲ್ಲಿಯ ಕೆಳಗೆ ಕೈ ಹಿಡಿದಳು, ಅರ್ಧ ತೊಳೆದಳು, ಅರ್ಧ ಸೀರೆಗೆ ಒರೆಸಿದಳು, ಮೇಲೆ ಬಂದು ಕುರ್ಚಿಯನ್ನು ಎಳೆದು ಕೂತಳು.

ಹೆಸರು ಕೊಟ್ಟಳು. ಈಗ ಕ್ಯಾಮೆರಾ ಮುಖ ನೋಡಬೇಕಿತ್ತು. ಪರದೆಯಲ್ಲಿ ಅಮ್ಮನ ಮುಖ ಬಂತು, ಎಡಗೆನ್ನೆಯ ಮೇಲೆ ಬೂಸಾ, ಕೂದಲಲ್ಲಿ ಒಂದು ಹುಲ್ಲುಕಡ್ಡಿ. ಒರೆಸಲು ನನ್ನ ಹೆಂಡತಿ ಕೈ ಚಾಚಿದಳು.

“ಮುಟ್ಟಬೇಡ, ನಿನ್ ಕೈ ಬಂದ್ರೆ ಇಬ್ರು ಅಂತ ತಿಳ್ಕೊಳುತ್ತೆ” ಎಂದು ಅಮ್ಮ ತುಟಿ ಅಲ್ಲಾಡಿಸದೆ ಹೇಳಿದಳು. ಫೋಟೊ ಹಾಗೇ ಹೋಯಿತು. ಹಸು ಸಾಕುವವರ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಪುರಾವೆ ಇರಲಾರದು ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ಎಲ್ಲರೂ ಹೊರಗೆ ಹೋಗಬೇಕಾಗಿತ್ತು. ಕ್ಯಾಮೆರಾಕ್ಕೆ ಕಾಣದಂತೆ ಗೋಡೆಗೆ ಬೆನ್ನು ಉಜ್ಜುತ್ತಾ ಕೊನೆಗೆ ಹೊರಟವನು ನಾನು. ಬಾಗಿಲ ಹತ್ತಿರ ಬಂದಾಗ ಗೋಡೆ ಗಡಿಯಾರದಲ್ಲಿ ಮೂರಕ್ಕೆ ಇನ್ನೂ ಸ್ವಲ್ಪ ಇತ್ತು. ಮೂರು ಹೊಡೆದ ಮೇಲೆ, ಮುಚ್ಚಿದ ಬಾಗಿಲ ಹಿಂದಿನಿಂದ ಅಮ್ಮನ ದನಿ ಕೇಳಿಸಿತು. ಯಾರಿಗೂ ಹೇಳಿದ್ದಲ್ಲ, ಪರದೆಗೆ ಹೇಳಿದ್ದು.

“ಗಿಣ್ಣು ಹಾಲು ಕರುಗೆ ಯಾವಾಗ ಕುಡಿಸ್ಬೇಕು ಅಂತೆ! ಥೂ, ಇದನ್ನೂ ಕೇಳ್ತಾರಾ?”

ಆಮೇಲೆ ಮೌಸ್ ಒತ್ತಿದ ಸದ್ದು. ಹಾಲು ಕರೆಯುವ ಒತ್ತು.

ಪರೀಕ್ಷೆ ಮುಗಿಯುವ ತನಕ ನಾವು ನಾಲ್ವರೂ ಮೆಟ್ಟಿಲ ಮೇಲೆ ಕೂತಿದ್ದೆವು. ಭಾಯ್ ಹೆಂಡತಿ ಕೆಳಗಿನಿಂದ ಟೀ ಕಳಿಸಿದರು. ಅಜ್ಜಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು, “ಅದು ಯಾವ ವರ್ಷ ಅಂತ ತೋರಿಸ್ತಿತ್ತು ಅಂದ್ಯೋ ಮಗ?” ಎಂದು ಕೇಳಿದಳು. ಹೇಳಿದೆ. ಬೆರಳಲ್ಲಿ ಲೆಕ್ಕ ಹಾಕಿದಳು.

“ಆಗ ನಿಮ್ಮಪ್ಪ ಇದ್ದ” ಎಂದಳು. “ಓಗ್ಲಿ ಬುಡು. ಸರಿ ಮಾಡಿದ್ದೇ ಒಳ್ಳೇದಾಯ್ತು.”

ಭಾಯ್ ಅವಳ ಲೋಟಕ್ಕೆ ತಮ್ಮ ಲೋಟದಿಂದ ಸ್ವಲ್ಪ ಟೀ ಸುರಿದರು.

ಅಮ್ಮ ಹೊರಗೆ ಬಂದಾಗ ಬೂಸಾ ಕೆನ್ನೆಯ ಮೇಲೆ ಒಣಗಿತ್ತು. ಹೇಗಾಯಿತು ಎಂದು ಕೇಳಿದ್ದಕ್ಕೆ, ಲಸಿಕೆಯ ಒಂದೆರಡು ಪ್ರಶ್ನೆ ಬಿಟ್ಟರೆ ಉಳಿದದ್ದೆಲ್ಲ ಕೊಟ್ಟಿಗೆಯಲ್ಲಿ ಇದ್ದದ್ದೇ ಎಂದಳು. ಆಮೇಲೆ ನನ್ನ ಹೆಂಡತಿ ವಿಚಾರಣೆ ಶುರು ಮಾಡಿದಳು.

“ಅತ್ತೆ, ಬೆಳಿಗ್ಗೆ ಪ್ಲಗ್ ಕಿತ್ತಿದ್ದು ನೀವಾ?”

“ಹೂಂ.”

“ಯಾಕೆ?”

“ಗುಡುಗು ಬಂದ್ರೆ ಟಿವಿ ಪ್ಲಗ್ ಕೀಳಲ್ವಾ? ಗುಡುಗಿಗೇ ಕೀಳ್ತೀವಿ ಅಂದ್ರೆ ಗ್ರಹಣಕ್ಕೆ ಕೀಳ್ಬೇಡ್ವಾ? ಇವತ್ತೇ ನನ್ ಪರೀಕ್ಷೆ. ಅದಕ್ಕೆ ಏನಾದ್ರೂ ಆದ್ರೆ ಅಂತ ದರ್ಭೇನೂ ಇಟ್ಟೆ.”

“ಮತ್ತೆ ಆನ್ ಮಾಡಿದಾಗ ಏನೂ ಬರ್ಲಿಲ್ವಾ?”

“ಕಪ್ಪು ಪರದೆ ಮೇಲೆ ಇಂಗ್ಲಿಷಲ್ಲಿ ಏನೋ ಬಂತು. ಕೊನೇಲಿ ಎಫ್ ಒನ್ ಒತ್ತು ಅಂತ ಇತ್ತು. ಒತ್ತಿದೆ. ಹೇಳಿದ್ದು ಮಾಡಿದ್ದೀನಲ್ಲ?”

“ನಮ್ಗೆ ಹೇಳ್ಬಾರ್ದಿತ್ತಾ ಅಮ್ಮ?” ಎಂದೆ ನಾನು.

“ಹೇಳಿದ್ರೆ ಇವ್ಳು ನಗ್ತಿದ್ಳು.”

“ನಾನ್ಯಾಕೆ ನಗ್ಲಿ?” ಎಂದಳು ಹೆಂಡತಿ, ನಗುತ್ತಾ.

ನಾನು ಅಮ್ಮನನ್ನು ಕೂರಿಸಿ ಕಾರಣವನ್ನು ನಿಧಾನವಾಗಿ ವಿವರಿಸಿದೆ. ಒಳಗಿನ ಬಟನ್ ಬ್ಯಾಟರಿ ಸತ್ತಿತ್ತು. ಪ್ಲಗ್ ಕಿತ್ತದ್ದರಿಂದ ಗಡಿಯಾರ ನಿಂತು ಹುಟ್ಟಿದ ವರ್ಷಕ್ಕೆ ಹೋಯಿತು. ಗಡಿಯಾರ ತಪ್ಪಿದ್ದರಿಂದ ತಾಣಗಳು ತೆರೆಯಲಿಲ್ಲ. ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಅಮ್ಮ ಗಮನವಿಟ್ಟು ಕೇಳಿದಳು. ಕೇಳಿ, ಹೀಗೆಂದಳು:

“ಗ್ರಹಣ ಇರ್ಲಿಲ್ಲ ಅಂದಿದ್ರೆ ನಾನು ಪ್ಲಗ್ ಕೀಳ್ತಿದ್ನಾ?”

“ಇಲ್ಲ.”

“ಮತ್ತೆ?”

ಅಜ್ಜಿ ಚೊಂಬಿನ ಕಡೆ ಕೈ ತೋರಿಸಿದಳು. ಭಾಯ್, “ಪಾಯಿಂಟ್ ಇದೆ ಗುರು” ಎಂದರು. ಅಲ್ಲಿಂದ ನನ್ನ ವಿವರಣೆ ಬಿದ್ದುಹೋಯಿತು, ಮನೆಯಲ್ಲಿ ಇನ್ನೂ ಎದ್ದಿಲ್ಲ. ನೆಂಟರ ಬಾಯಲ್ಲಿ ಹೊಗೆ ಬಂದದ್ದು ಇದೇ ದಾರಿಯಲ್ಲಿ ಎಂದು ನನ್ನ ಅನುಮಾನ.

ಮಾರನೆಯ ದಿನ ಯಶವಂತಪುರದಿಂದ ಬರುವಾಗ ಕಂಪ್ಯೂಟರಿಗೆ ಹೊಸ ಬ್ಯಾಟರಿ ತಂದು ಹಾಕಿದೆ. ಉಂಗುರದ ಹರಳಿಗಿಂತ ತುಸು ದೊಡ್ಡದು, ಅಷ್ಟೇ.

ಅಮ್ಮ ಆಯ್ಕೆಯಾದಳು. ತರಬೇತಿಗೆ ಹೋಗಲು ಬೆಳಿಗ್ಗೆ ಹಾಲು ಕರೆದು ಬಸ್ ಹಿಡಿಯುತ್ತಿದ್ದಳು, ಸಂಜೆ ಬಂದು ಹಾಲು ಕರೆಯುತ್ತಿದ್ದಳು. ಆಮೇಲೆ ಹೆಸರಘಟ್ಟದ ಆಚೆಯ ಒಂದು ಊರಿನಲ್ಲಿ ಹಾಲಿನ ಡೇರಿಯ ಪಡಸಾಲೆಯಲ್ಲಿ ಮೊದಲ ಪಾಠ. ನಾನೂ ನನ್ನ ಹೆಂಡತಿಯೂ ಬಾಗಿಲ ಹೊರಗೆ ನಿಂತು ನೋಡಿದೆವು. ಬೋರ್ಡ್ ಇತ್ತು. ಅಮ್ಮ ಚಾಕ್‌ಪೀಸ್ ಹಿಡಿದು ಹಸುವಿನ ಚಿತ್ರ ಬರೆದಳು. ಅದು ಹಸುವಿನ ಹಾಗೆ ಇರಲಿಲ್ಲ. ಮುಂದಿನ ಸಾಲಿನ ಒಬ್ಬ ಹೆಂಗಸು, “ಅಕ್ಕ, ಇದು ನಾಯಿನಾ?” ಎಂದು ಕೇಳಿದಳು. ಅಮ್ಮ ಅದರ ಹೊಟ್ಟೆಯ ಕೆಳಗೆ ಕೆಚ್ಚಲು ಬರೆದು, “ಈಗ?” ಎಂದಳು. ಪಡಸಾಲೆಯೆಲ್ಲ ನಕ್ಕಿತು. ಅಲ್ಲಿಂದ ಇಲ್ಲಿಯವರೆಗೆ ಅವಳು ಪಾಠ ನಿಲ್ಲಿಸಿಲ್ಲ.

ಆ ಮಧ್ಯಾಹ್ನ ಕೋಣೆಯಲ್ಲಿ ಇದ್ದವರಲ್ಲಿ ಅಜ್ಜಿ ಈಗಿಲ್ಲ. ಎರಡು ವರ್ಷದ ಹಿಂದೆ ನಿದ್ದೆಯಲ್ಲಿ ಹೋದಳು. ಭಾಯ್ ಇದ್ದಾರೆ, ಆರ್.ಟಿ. ನಗರಕ್ಕೆ ಮನೆ ಬದಲಾಯಿಸಿದ್ದಾರೆ, ಈಗಲೂ ವ್ಯಾನ್ ಓಡಿಸುತ್ತಾರೆ. ಯಾರು ಕೇಳಿದರೂ ವಾಚಿನಲ್ಲಿ ಎರಡೂವರೆ ಇದ್ದದ್ದನ್ನು ಹೇಳುತ್ತಾರೆ. ನನ್ನ ಹೆಂಡತಿ ಇದ್ದಾಳೆ. ನಾನು ಬರೆದದ್ದನ್ನು ಓದಿ, ಅಜ್ಜಿಯ ಅರಿಶಿನದ ನೀರು ಕನ್ನಡಕದ ಮೇಲಷ್ಟೇ ಅಲ್ಲ, ಬಾಯೊಳಗೂ ಬಿದ್ದಿತ್ತು ಎಂದು ಸೇರಿಸಲು ಹೇಳಿದ್ದಾಳೆ. ಅದನ್ನು ನಾನು ನೋಡಲಿಲ್ಲ, ಅವಳ ಮಾತಿನ ಮೇಲೆ ಬರೆದಿದ್ದೇನೆ. ಬೆನ್ನು ನೆಕ್ಕುತ್ತಿದ್ದ ಹಸುವೂ ಇದೆ. ಅಮ್ಮ ಇದ್ದಾಳೆ, ಗಟ್ಟಿಮುಟ್ಟಾಗಿದ್ದಾಳೆ. ಆದರೆ ಅವಳನ್ನು ಕೇಳಿದರೆ ಗ್ರಹಣದ ಪರವಾಗಿಯೇ ಸಾಕ್ಷಿ ಹೇಳುತ್ತಾಳೆ.